ಅಂಬಲಿ ಕುಡಿದವಳ ಬೀರು ವಿಮರ್ಶೆ

ಬೀರಿನ ಗುಣದೋಷ ಬರೆಯಲು ನನಗೇನು ಅಧಿಕಾರ ಎಂದು ನೀವು ಕೇಳಿದರೆ ಅದು ನ್ಯಾಯವೇ. ಚಿಕ್ಕೋಡಿಯಲ್ಲಿ ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ, ಊರವರಿಂದ ಅಕ್ಕೋರು ಎನಿಸಿಕೊಂಡು ನಿವೃತ್ತಳಾದವಳು ನಾನು. ವೈನ್ ಶಾಪಿನ ಎದುರು ಹಾಯ್ದು ಹೋಗುವ ಪ್ರಸಂಗ ಬಂದರೆ ಸೆರಗು ಹೊದ್ದು ರಸ್ತೆಯ ಆಚೆ ಬದಿಗೆ ದಾಟುವವರು ನಾವು. ಅಂಥ ನಾನು ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿ ಏಳು ಬಗೆಯ ಬೀರನ್ನು ಒಂದೊಂದು ಗುಟುಕು ರುಚಿ ನೋಡಿ ಬಂದಿದ್ದೇನೆ. ಎಲ್ಲ ಕೂಡಿಸಿದರೂ ಅರ್ಧ ಲೋಟ ಆಗಲಿಕ್ಕಿಲ್ಲ. ಅಷ್ಟಕ್ಕೇ ವಿಮರ್ಶೆಯೇ ಎಂದು ನಗಬೇಡಿ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ನಾವು ಒಂದೇ ಅಗುಳು ಹಿಚುಕುತ್ತೇವಲ್ಲ!

ಇದಕ್ಕೆಲ್ಲ ಕಾರಣ ನನ್ನ ಮಗಳು. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿ, ಬೀರು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಈ ಒಂದು ವಾಕ್ಯ ಹೊರಗೆ ಬರಲು ನನಗೆ ಮೂರು ವರ್ಷ ಹಿಡಿಯಿತು. ಕೇಳಿದವರಿಗೆಲ್ಲ “ಫುಡ್ ಕಂಪನಿಯೊಳಗ ಇದ್ದಾಳ್ರಿ” ಎನ್ನುತ್ತಿದ್ದೆ. “ಬಿಸ್ಕೀಟ ಮಾಡ್ತಾರೇನ್ರಿ?” ಎಂದರೆ “ಹೂಂನ್ರಿ, ಅಂಥಾದ್ದ ಏನೋ” ಎಂದು ಮಾತು ತಿರುಗಿಸುತ್ತಿದ್ದೆ.

ಸುಳ್ಳಿಗೆ ಕಾರಣವಿತ್ತು. ನನ್ನ ತವರು ದೂಧಗಂಗೆಯ ದಂಡೆಯ ಒಂದು ಕಬ್ಬಿನ ಹಳ್ಳಿ. ನಮ್ಮ ಸಣ್ಣ ಕಾಕಾ ಮೆತ್ತಗಿನ ಮನುಷ್ಯ, ಭಜನೆಯಲ್ಲಿ ತಾಳ ಹಿಡಿಯುವವನು. ಕಬ್ಬಿನ ಬಿಲ್ಲು ಬಂದ ದಿನ ಮಾತ್ರ ಮನೆಗೆ ತಡವಾಗಿ ಬರುತ್ತಿದ್ದ. ಮೊದಲು ಬಿಲ್ಲಿನ ದಿನ, ಆಮೇಲೆ ಸಂತೆಯ ದಿನ, ಆಮೇಲೆ ದಿನದ ಲೆಕ್ಕವೇ ಉಳಿಯಲಿಲ್ಲ. ಸಾರಾಯಿ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದು ಬಾಯಿಗೆ ಹಿಂಡಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಲವತ್ತೊಂದಕ್ಕೆ ಹೋಗಿಬಿಟ್ಟ. ಎರಡು ಎಕರೆಯಲ್ಲಿ ಒಂದನ್ನು ಮಾರಿ ಕಾಕು ಸಾಲ ತೀರಿಸಿದಳು. 2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಾಗ ಊರೆಲ್ಲ ಅದೇ ಸುದ್ದಿ. ಕಾಕು ಮಾತ್ರ “ತಡಾ ಆತು” ಎಂದು ಒಳಗೆ ಹೋದಳು.

ಹೀಗಿರುವಾಗ ಮಗಳು ಈ ಕೆಲಸ ಹಿಡಿದರೆ ನನಗೆ ಹೇಗಾಗಬೇಕು? ಆರು ತಿಂಗಳು ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಕಡೆಗೆ ಒಂದು ರಾತ್ರಿ ಫೋನಿನಲ್ಲಿ ಅವಳು ಕಿರಣ್ ಮಜುಂದಾರ್ ಶಾ ಅವರ ಕಥೆ ಹೇಳಿದಳು. ಔಷಧ ತಯಾರಿಸುವ ಬಯೋಕಾನ್ ಕಂಪನಿ ಕಟ್ಟಿದವರು ಎಂದಷ್ಟೇ ನನಗೆ ಗೊತ್ತಿತ್ತು. ಅವರ ತಂದೆ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್, ಎಂದರೆ ಬೀರಿನ ಅಡುಗೆಮನೆಯ ಯಜಮಾನ. ಮಗಳೂ ಆಸ್ಟ್ರೇಲಿಯಾದ ಬ್ಯಾಲರಾಟ್‌ಗೆ ಹೋಗಿ ಅದೇ ವಿದ್ಯೆ ಕಲಿತರು. ತರಗತಿಯಲ್ಲಿ ಅವರೊಬ್ಬರೇ ಹೆಣ್ಣು. 1975ರಲ್ಲಿ ಪದವಿ ಪಡೆದು ಬಂದರೆ, ಇದು ಗಂಡಸರ ಕೆಲಸ ಎಂದು ಇಲ್ಲಿಯವರು ಆ ಜಾಗ ಕೊಡಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರುವಾಯಿತು. ಮೊದಲು ತಯಾರಿಸಿದ್ದೇನು ಗೊತ್ತೇ? ಪಪ್ಪಾಯಿಯಿಂದ ತೆಗೆಯುವ ಪಪೈನ್, ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಎರಡೂ ಬೀರನ್ನು ತಿಳಿಯಾಗಿಸಲು ಬಳಸುವ ಪದಾರ್ಥಗಳು.

“ಬೀರ ಮಾಡಾಕ ಬಿಡಲಿಲ್ಲಂತ ಅವರು ಬೀರ ತಿಳಿ ಮಾಡೂದನ್ನ ಮಾಡಿದ್ರು. ನನಗ ಈಗ ಮಂದಿ ಬಿಟ್ಟಾರ, ನೀನ ಬಿಡವಲ್ಲಿ ನೋಡವ್ವಾ” ಎಂದಳು.

ಮರುವಾರವೇ ರಾಯಬಾಗದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿದೆ.

ಅವಳ ಬಾಡಿಗೆ ಮನೆಯಲ್ಲಿ ಊಟದ ಮೇಜಿನ ಮೇಲೆ ನಾಲ್ಕು ಬಾಟಲಿ, ನಾಲ್ಕು ಚಿಕ್ಕ ಗ್ಲಾಸು. ಬಾಯಲ್ಲಿ ಹಿಡಿದು ಉಗುಳಿದರಾಯಿತು ಎಂದುಕೊಂಡಿದ್ದೆ. “ಉಗುಳಿದ್ರ ಆಗಂಗಿಲ್ಲವ್ವಾ. ಕಹಿ ತಿಳಿಯೂದು ನುಂಗಿದ ಮ್ಯಾಲ” ಎಂದಳು. ದೇವರ ಫೋಟೋ ಇರುವ ಗೋಡೆಗೆ ಬೆನ್ನು ಮಾಡಿ ಕುಳಿತೆ.

ಮೊದಲು ಅವಳು ಬೀರು ಎಂದರೇನು ಎಂದು ತಿಳಿಸಿದಳು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಇದೇ ಮಾಲ್ಟ್. ಕೂಸಿಗೆ ಕುಡಿಸುವ ರಾಗಿ ಮಾಲ್ಟ್‌ಗೆ ನಾವು ಮಾಡುವುದೂ ಇದನ್ನೇ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಹುಟ್ಟುತ್ತದೆ. ಮಾಲ್ಟನ್ನು ಬಿಸಿನೀರಿನಲ್ಲಿಟ್ಟು, ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಯನ್ನೂ ಕೊಡುತ್ತದೆ.

ಕೇಳುತ್ತ ಕೇಳುತ್ತ ನನಗೆ ನಮ್ಮವ್ವನ ಅಂಬಲಿ ಗಡಿಗೆ ನೆನಪಾಯಿತು. ಜೋಳದ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿಟ್ಟರೆ ಮುಂಜಾನೆ ಮೇಲೆ ಸಣ್ಣ ಗುಳ್ಳೆ ಎದ್ದಿರುತ್ತಿದ್ದವು. ಅವ್ವ ಬಗ್ಗಿ ಮೂಸಿ “ಇವತ್ತ ಸರಿ ಹುಳಿ ಬಂದೈತಿ” ಎಂದೋ, “ಸೆಕಿಗೆ ಹೆಚ್ಚಾತು” ಎಂದೋ ತೀರ್ಪು ಕೊಡುತ್ತಿದ್ದಳು. ಆಮೇಲೆ ಕುದಿಸಿ, ಆರಿಸಿ, ಮಜ್ಜಿಗೆ, ಜೀರಿಗೆ, ಬೆಳ್ಳುಳ್ಳಿ. ಅಂಬಲಿಯಲ್ಲಿ ಅಮಲಿಲ್ಲ, ನಿಜ. ಆದರೆ ಧಾನ್ಯ ಹುಳಿಯುವ ರಾತ್ರಿಯ ಲೆಕ್ಕವನ್ನು ಮೂಗಿನಿಂದ ಹಿಡಿಯುವ ವಿದ್ಯೆ ಒಂದೇ. ಕ್ರಿಸ್ತಪೂರ್ವ 1800ರ ಸುಮಾರಿಗೇ ಸುಮೇರಿಯಾದವರು ನಿಂಕಾಸಿ ಎಂಬ ಬೀರಿನ ದೇವತೆಯನ್ನು ಸ್ತುತಿಸುತ್ತಿದ್ದರಂತೆ. ಯುರೋಪಿನಲ್ಲಿಯೂ ಬಹು ಕಾಲ ಮನೆಯ ಬೀರು ಇಳಿಸಿದವರು ಹೆಂಗಸರೇ. ಅದು ಕಾರ್ಖಾನೆಯಾಗಿ, ರೊಕ್ಕದ ವ್ಯವಹಾರವಾಗಿ ಬೆಳೆದ ಮೇಲೆ ಗಂಡಸರ ಕೆಲಸವಾಯಿತು.

ಈಗ ಅಂಕಗಳಿಗೆ ಬರೋಣ. ಮಾಸ್ತರಿಕೆ ಬಿಟ್ಟರೂ ಅಂಕ ಕೊಡುವ ಚಟ ಬಿಟ್ಟಿಲ್ಲ.

ಮೊದಲನೆಯದು ನಮ್ಮ ನಾಡಿನದೇ ಕಿಂಗ್‌ಫಿಷರ್. ಅದನ್ನು ತಯಾರಿಸುವ ಯುನೈಟೆಡ್ ಬ್ರೂವರೀಸ್ 1915ರಲ್ಲಿ ಶುರುವಾದದ್ದು. ಬಣ್ಣ ಹೊಳೆಯುವ ಹೊಂಬಣ್ಣ. ತಣ್ಣಗಿದೆ, ತಿಳಿಯಾಗಿದೆ, ಕೊನೆಗೆ ಒಂದಿಷ್ಟು ಕಹಿ. ಬೇಸಿಗೆಯಲ್ಲಿ ದುಡಿದು ಬಂದವನಿಗೆ ಹಿತವಾದೀತು. ಆದರೆ ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯುವುದಿಲ್ಲ, ಉಪ್ಪು ಮರೆತ ಗಂಜಿಯ ತಿಳಿಯಂತೆ. ತಪ್ಪಿಲ್ಲದ, ವಿಶೇಷವೂ ಇಲ್ಲದ ಉತ್ತರಪತ್ರಿಕೆ. ನೂರಕ್ಕೆ ಐವತ್ತು.

ಎರಡನೆಯದರ ಹೆಸರು ಓದಿದಾಗ ನನಗೆ ನಮ್ಮ ಕಡೆಯ ಹೂಗಾರರ ನೆನಪು ಬಂದು ನಗು ಬಂತು. ಅದು ಹೂಗಾರ್ಡನ್, ಬೆಲ್ಜಿಯಂನ ಒಂದು ಹಳ್ಳಿಯ ಹೆಸರು. ಗೋಧಿಯ ಬೀರು, ಮಸುಕು ಬಣ್ಣ. ಗ್ಲಾಸು ಮೂಗಿನ ಹತ್ತಿರ ತಂದ ಕೂಡಲೇ ಕೇಳಿದೆ: “ಇದ್ರಾಗ ಕೊತ್ತಂಬರಿ ಕಾಳ ಐತೇನ?” ಮಗಳು ಹುಬ್ಬೇರಿಸಿದಳು. ಹೌದು, ಕೊತ್ತಂಬರಿ ಕಾಳು ಮತ್ತು ಕಿತ್ತಳೆಯ ಒಣಸಿಪ್ಪೆ ಹಾಕುತ್ತಾರಂತೆ. ಆ ಹಳ್ಳಿಯ ಕೊನೆಯ ಬೀರಿನ ಮನೆ 1950ರ ದಶಕದಲ್ಲಿ ಮುಚ್ಚಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬವನು 1966ರಲ್ಲಿ ಈ ರುಚಿಯನ್ನು ಮತ್ತೆ ಬದುಕಿಸಿದ. ಹುಳಿ, ಮಸಾಲೆ, ಧಾನ್ಯ ಮೂರೂ ಒಂದಕ್ಕೊಂದು ಜಗಳವಾಡದೆ ಕೂತಿವೆ. ಮೂಸಿ ನೋಡಿದ್ದರೆ ನಮ್ಮವ್ವ ಕೂಡ ಇದಕ್ಕೆ ತಲೆದೂಗುತ್ತಿದ್ದಳು. ಎಪ್ಪತ್ತೆಂಟು.

ಮೂರನೆಯದು ಬೀರಾ 91ರ ಬಿಳಿ ಬೀರು. ಇದೂ ಗೋಧಿಯದು; ಕಹಿ ಕಡಿಮೆ, ಸ್ವಲ್ಪ ಸಿಹಿಯ ಕಡೆಗೆ. 91 ಎಂದರೆ ನಮ್ಮ ದೇಶದ ಟೆಲಿಫೋನ್ ಸಂಖ್ಯೆ. ಆದರೆ 2015ರಲ್ಲಿ ಬಂದ ಹೊಸತರಲ್ಲಿ ಇದು ಬೆಲ್ಜಿಯಂನಲ್ಲಿ ತಯಾರಾಗಿ ಇಲ್ಲಿಗೆ ಬರುತ್ತಿತ್ತಂತೆ! ಹಾಗಾದರೆ ದೇಶಿ ಯಾವುದು, ಪರದೇಶಿ ಯಾವುದು? ನಮ್ಮ ಅಥಣಿ, ನಿಪ್ಪಾಣಿಗಳಲ್ಲಿ ಹೊಲಿದ ಚಪ್ಪಲಿ ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಕಾಲಿಗೆ ಸರಿಯಾಗಿದೆಯೇ ನೋಡಬೇಕು, ಹೆಸರನ್ನಲ್ಲ. ಅರವತ್ತು.

ಮರುದಿನ ಮಧ್ಯಾಹ್ನ ಇಂದಿರಾನಗರದ ಟಾಯಿಟ್‌ಗೆ ಕರೆದೊಯ್ದಳು. 2010ರಲ್ಲಿ ತೆರೆದದ್ದು. ಅಲ್ಲಿಯೇ ದೊಡ್ಡ ಹಂಡೆಗಳಲ್ಲಿ ಬೀರು ತಯಾರಿಸಿ ಅಲ್ಲಿಯೇ ಕೊಡುತ್ತಾರೆ. ಇಂಥ ಚಿಕ್ಕ ಬೀರಿನ ಮನೆಗಳು ಬೆಂಗಳೂರಿನಲ್ಲಿ ಈಗ ಬೇಕಾದಷ್ಟು. ಕತ್ತಲೆಯಿಲ್ಲ, ಪರದೆಯಿಲ್ಲ. ಪಕ್ಕದ ಮೇಜಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನಿಗೆ ಆಲೂಗಡ್ಡೆ ತಿನ್ನಿಸುತ್ತಿದ್ದರು. ನನ್ನ ಎದೆಬಡಿತ ಸ್ವಲ್ಪ ಇಳಿಯಿತು. ಇವರ ಬಾಸ್ಮತಿ ಬ್ಲಾಂಡ್‌ನಲ್ಲಿ ಅಕ್ಕಿಯಿದೆ. ಹಗುರ, ಕುಕ್ಕರಿನ ಮುಚ್ಚಳ ತೆಗೆದಾಗಿನ ವಾಸನೆಯ ನೆರಳು, ಅರವತ್ತೈದು. ಕಪ್ಪು ಸ್ಟೌಟ್ ಹುರಿದ ಜವೆಯದು. ಡಬ್ಲಿನ್‌ನ ಗಿನ್ನೆಸ್‌ನವರಿಂದ ಜಗತ್ತಿಗೆಲ್ಲ ಪರಿಚಯವಾದ ಬಗೆ. ನನಗೆ ಮಾತ್ರ ಅದು ತುಸು ಹೊತ್ತಿದ ಹುರಿಗಡಲೆ ಮತ್ತು ಸಕ್ಕರೆಯಿಲ್ಲದ ಕಾಫಿ. ಒರಟು, ಆದರೆ ಪ್ರಾಮಾಣಿಕ, ಎಪ್ಪತ್ತು. ಇಂಡಿಯಾ ಪೇಲ್ ಏಲ್ ಎಂಬುದರ ಹೆಸರಿನಲ್ಲಿ ನಮ್ಮ ದೇಶವಿದೆ. ಬ್ರಿಟಿಷರು ಹಡಗಿನಲ್ಲಿ ಇಲ್ಲಿಗೆ ಕಳಿಸುವಾಗ ಕೆಡಬಾರದೆಂದು ಹಾಪ್ಸ್ ಹೆಚ್ಚು ಹಾಕುತ್ತಿದ್ದರಂತೆ. ರುಚಿಯೋ, ಬೆಲ್ಲ ಹಾಕದ ಹಾಗಲಕಾಯಿ. ಮಗಳಿಗೆ ಇದೇ ಬಲು ಇಷ್ಟ. ಯುಗಾದಿಗೆ ಬೇವನ್ನು ಬದಿಗಿಟ್ಟು ಬೆಲ್ಲ ಮಾತ್ರ ನೆಕ್ಕುತ್ತಿದ್ದ ಹುಡುಗಿ! ನಲವತ್ತು.

ನಾಲ್ಕನೆಯ ಬಾಟಲಿಯ ಮಾತನ್ನು ಬೇಕೆಂದೇ ಹಿಂದಿಟ್ಟಿದ್ದೇನೆ. ಅದು ಸ್ಟ್ರಾಂಗ್. ಮಾಮೂಲಿ ಬೀರಿನಲ್ಲಿ ಮದ್ಯಸಾರ ನೂರಕ್ಕೆ ಐದರ ಸುಮಾರು. ಇದರಲ್ಲಿ ಎಂಟರವರೆಗೂ ಇರುತ್ತದೆ. ಬಾಯಿಗೆ ಮೊದಲು ಸಪ್ಪೆ ಸಿಹಿ, ಹಿಂದಿನಿಂದ ಗಂಟಲಲ್ಲಿ ಸ್ಪಿರಿಟ್ಟಿನ ಉರಿ. ಧಾನ್ಯದ ಸುಳಿವೇ ಇಲ್ಲ. ಒಂದು ಕ್ಷಣ ಕಾಕಾನ ಅಂಗಿಯ ವಾಸನೆ ಬಂದಂತಾಯಿತು. ಗ್ಲಾಸು ದೂರ ಸರಿಸಿದೆ. ಇದಕ್ಕೆ ಸೊನ್ನೆ. ನಮ್ಮ ದೇಶದಲ್ಲಿ ಮಾರಾಟವಾಗುವ ಬೀರಿನಲ್ಲಿ ದೊಡ್ಡ ಪಾಲು ಇದೇ ಸ್ಟ್ರಾಂಗ್. ನಮ್ಮ ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟು ವಿಸ್ಕಿ, ರಮ್ ಎಂಬ ಹೆಸರು ಹೊತ್ತು ನಮ್ಮೂರಿಗೇ ತಿರುಗಿ ಬರುವಂತೆ, ಇದನ್ನೂ ಕೊಳ್ಳುವವನು ರುಚಿಗೆ ಕೊಳ್ಳುವುದಿಲ್ಲ. ಕೊಟ್ಟ ರೊಕ್ಕಕ್ಕೆ ಎಷ್ಟು ಅಮಲು ಎಂಬುದೊಂದೇ ಲೆಕ್ಕ.

ನನ್ನ ವಿಮರ್ಶೆಯ ಸಾರ ಇಷ್ಟೇ. ರುಚಿಗಾಗಿ ಮಾಡಿದ ಬೀರು ಬೇರೆ, ಅಮಲಿಗಾಗಿ ಮಾಡಿದ ಬೀರು ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಭಾಷೆಯ ಬಡತನ. ಹಾಗೆಂದು ರುಚಿಯ ಬೀರು ನಿರಪಾಯಕಾರಿ ಎಂದಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರಲ್ಲ ಆ ಹೆಣ್ಣುಮಕ್ಕಳು, ಅವರ ಮುಂದೆ ನನ್ನ ಎಪ್ಪತ್ತೆಂಟು ಅಂಕ ಹಿಡಿದು ನಿಲ್ಲಲು ನನಗೆ ಧೈರ್ಯವಿಲ್ಲ. ಅವರ ಕಣ್ಣೀರೂ ಸುಳ್ಳಲ್ಲ, ನನ್ನ ನಾಲಿಗೆಯೂ ಸುಳ್ಳು ಹೇಳಲಿಲ್ಲ. ಎರಡನ್ನೂ ಹೊಂದಿಸಲು ನನಗಿನ್ನೂ ಬಂದಿಲ್ಲ.

ಹೊರಡುವ ದಿನ ಮಗಳನ್ನು ಕೇಳಿದೆ: “ನಿಮ್ಮಲ್ಲಿ ಸ್ಟ್ರಾಂಗ್ ಮಾಡ್ತಾರೇನ?” ಅವಳು ಚೀಲಕ್ಕೆ ನೀರಿನ ಬಾಟಲಿ ಇಡುತ್ತ “ಮಾಡ್ತಾರವ್ವಾ. ಅದ ಹೆಚ್ಚ ಹೋಗತೈತಿ. ನನ್ನ ಪಗಾರ ಅದ್ರಾಗ ಬರತೈತಿ” ಎಂದಳು. ಮುಚ್ಚಿಡಲಿಲ್ಲ ಎಂಬುದೊಂದೇ ಸಮಾಧಾನ.

ಊರಿಗೆ ಬಂದ ಮೇಲೆ ಅಥಣಿಯ ಕಡೆಯಿಂದ ಒಂದು ಸಂಬಂಧ ಕೇಳಿಕೊಂಡು ಬಂದರು. “ಹುಡುಗಿ ಏನ್ ಮಾಡ್ತಾಳ್ರಿ?” “ಬೀರ ಮಾಡೂ ಫ್ಯಾಕ್ಟರಿಯೊಳಗ ಇದ್ದಾಳ್ರಿ. ರುಚಿ ನೋಡಿ ಪಾಸ್ ಮಾಡೂ ಕೆಲಸ” ಎಂದೆ. ಹುಡುಗನ ತಾಯಿ ಬಸಿಯನ್ನು ಕೆಳಗಿಟ್ಟರು. “ಹಂಗಾರ ಕುಡಿತಾಳೇನ್ರಿ?” “ಗುಟುಕ ನುಂಗತಾಳ್ರಿ. ನುಂಗಲಿಲ್ಲಂದ್ರ ಕಹಿ ತಿಳಿಯಂಗಿಲ್ಲ.” ಅವರು ಚಹಾ ಮುಗಿಸಿ ಹೋದರು. ಆಮೇಲೆ ಫೋನು ಬರಲಿಲ್ಲ.

ಅವತ್ತು ತವರಿಂದ ಬಂದಿದ್ದ ಕಾಕು ಒಳಗೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಎಷ್ಟೋ ಹೊತ್ತಿನ ಮೇಲೆ “ಆ ಜಾಸ್ತಿ ನಿಶಾದ್ದ ಇರತೈತೆಲಾ, ಅದನ್ನೂ ಮಾಡ್ತಾಳೇನ ಕೂಸು?” ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದಿದ್ದೆ. “ಹೂಂ, ಕಾಕು” ಎಂದೆ.

ಕಾಕು ಏನೂ ಅನ್ನಲಿಲ್ಲ. ಎದ್ದು ಹೋಗಿ ಗಡಿಗೆಯಿಂದ ಒಂದು ವಾಟಗಾ ಅಂಬಲಿ ತಂದು ನನ್ನ ಮುಂದಿಟ್ಟಳು. “ದೊಡ್ಡ ರುಚಿ ನೋಡಾಕಿ ಆಗಿ ಬಂದಿಯಲಾ, ಹುಳಿ ಸರಿ ಆಗೇತೇನ ಹೇಳ.”

ನೋಡಿದೆ. ತುಸು ಹೆಚ್ಚಾಗಿತ್ತು. ಹಾಗೆಯೇ ಹೇಳಿದೆ.