ಅಪರ್ಣಾ: ‘ಅಚ್ಚಗನ್ನಡ’ ಎಂಬ ಹೊಗಳಿಕೆಯಾಚೆ

2024ರ ಜುಲೈ 11ರಂದು ಅಪರ್ಣಾ ತೀರಿಕೊಂಡಾಗ ಬಂದ ನುಡಿನಮನಗಳಲ್ಲಿ ‘ಅಚ್ಚಗನ್ನಡ’, ‘ಸ್ಪಷ್ಟ ಉಚ್ಚಾರ’ ಎಂಬ ಮಾತುಗಳೇ ಮತ್ತೆಮತ್ತೆ ಕಂಡವು. ಸುಳ್ಳೇನಲ್ಲ. ಆದರೆ ಹೊಗಳಿಕೆ ಅಲ್ಲಿಗೇ ನಿಂತರೆ ಅವರ ಕೆಲಸ ನಮಗೆ ದಕ್ಕಲಿಲ್ಲ ಅಂತಲೇ ಅರ್ಥ. ಉಚ್ಚಾರ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಅಪರ್ಣಾ ಆಗಲಿಲ್ಲ.

ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಪರಿಚಯವಾದ ಅವರು ಪಳಗಿದ್ದು ತೊಂಬತ್ತರ ದಶಕದಲ್ಲಿ, ಆಕಾಶವಾಣಿಯ ಎಫ್‌ಎಂ ಮತ್ತು ಬೆಂಗಳೂರು ದೂರದರ್ಶನದಲ್ಲಿ. ರೇಡಿಯೊದಲ್ಲಿ ಮುಖವಿಲ್ಲ, ಕೈಸನ್ನೆಯಿಲ್ಲ. ಕೇಳುವವರು ಒಗ್ಗರಣೆ ಹಾಕುತ್ತಲೋ ಗಾಡಿ ಓಡಿಸುತ್ತಲೋ ಇರುತ್ತಾರೆ. ವಾಕ್ಯ ಒಂದೇ ಸಲಕ್ಕೆ ಕಿವಿಗೆ ಇಳಿಯಬೇಕು. ಹಾಡಿನ ಜೊತೆ ಬರೆದವರು, ಸ್ವರ ಹಾಕಿದವರು, ಹಾಡಿದವರು ಯಾರೆಂದು ಹೇಳಬೇಕು, ಹಾಡು ಶುರುವಾಗುವ ಮೊದಲು ಬಾಯಿ ಮುಚ್ಚಬೇಕು. 1998ರ ದೀಪಾವಳಿಗೆ ಅವರು ಸತತ ಎಂಟು ಗಂಟೆ ನಿರೂಪಣೆ ಮಾಡಿದ್ದು ದಾಖಲೆಯೆಂದು ಹೆಸರಾಯಿತು. ಎಂಟು ಗಂಟೆ ಜನ ನಿಮ್ಮನ್ನು ಸಹಿಸಿಕೊಳ್ಳಬೇಕಾದರೆ ಉಚ್ಚಾರವೊಂದೇ ಸಾಲದು. ಯಾವಾಗ ಪಕ್ಕಕ್ಕೆ ಸರಿಯಬೇಕೆಂಬುದೂ ಗೊತ್ತಿರಬೇಕು. ಈ ಶಿಸ್ತನ್ನೇ ಅವರು ಟೀವಿಗೂ ಸಭೆಗಳಿಗೂ ತಂದರು. ವೇದಿಕೆಯ ಮೇಲೆ ಅವರಿದ್ದರೂ ನೆನಪಿನಲ್ಲಿ ಉಳಿಯುತ್ತಿದ್ದದ್ದು ಅತಿಥಿ.

2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿಯೊಂದಿಗೆ ಖಾಸಗಿ ಎಫ್‌ಎಂ ಬಂತು. ಬರಬರುತ್ತ ಜಾಕಿಯೇ ಕಾರ್ಯಕ್ರಮವಾದ, ಹಾಡು ನೆಪವಾಯಿತು. ಆ ಧಾಟಿ ಟೀವಿಯ ರಿಯಾಲಿಟಿ ಶೋಗಳಲ್ಲೂ ಕಾಣಿಸಿತು. ಇದನ್ನು ಬರೀ ಅವನತಿ ಎನ್ನಲಾರೆ. ಆಕಾಶವಾಣಿ ಹೊಸ್ತಿಲಾಚೆ ನಿಲ್ಲಿಸಿದ್ದ ಬೀದಿಯ ಕನ್ನಡ ಈ ಜಾಕಿಗಳ ಬಾಯಲ್ಲಿ ಒಳಗೆ ಬಂತು. ಪುಣೆಯಲ್ಲಿರುವ ನಮಗಂತೂ ಇದು ಸಣ್ಣ ಮಾತಲ್ಲ. ಇಲ್ಲಿಗೆ ಬಂದ ಕನ್ನಡಿಗರಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರು ಬಹಳ. ಅಪರ್ಣಾರ ಕನ್ನಡ ನಮ್ಮ ಮನೆಯ ಕನ್ನಡವಲ್ಲ. ‘ಏನ್ರೀ, ಬರ್‍ರಿ’ ಎನ್ನುವ ನಮ್ಮ ಮಾತಿಗೆ ಟೀವಿಯಲ್ಲಿ ಸಿಗುತ್ತಿದ್ದ ಜಾಗ ಹೆಚ್ಚಾಗಿ ಹಾಸ್ಯದ್ದು. ‘ಅಚ್ಚ’ ಎಂಬ ಅಳತೆಗೋಲು ಹಿಡಿದರೆ ನಾವೆಲ್ಲ ಒಂದು ಗೇಣು ಕಡಿಮೆಯೇ. ಅದಕ್ಕೇ ಆ ಹೊಗಳಿಕೆಯ ಬಗ್ಗೆ ನನಗೆ ತಕರಾರು.

ವಿಚಿತ್ರವೆಂದರೆ, ಈ ಅಳತೆಗೋಲನ್ನು ಎಲ್ಲರಿಗಿಂತ ಚೆನ್ನಾಗಿ ಗೇಲಿ ಮಾಡಿದವರು ಸ್ವತಃ ಅಪರ್ಣಾ. 2015ರಲ್ಲಿ ಶುರುವಾದ ‘ಮಜಾ ಟಾಕೀಸ್’ನ ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ಯನ್ನು ನೆನಪಿಸಿಕೊಳ್ಳಿ. ತನ್ನನ್ನು ತಾನೇ ಹಾಡಿಹೊಗಳುವ, ಇನ್ನೊಬ್ಬರಿಗೆ ಜಾಗವೇ ಬಿಡದ ಹೆಂಗಸು. ನಿರೂಪಕಿಯಾಗಿ ತಾವು ಏನಾಗಬಾರದು ಎಂದುಕೊಂಡಿದ್ದರೋ ಅದನ್ನೆಲ್ಲ ಒಟ್ಟು ಮಾಡಿ ಪಾತ್ರ ಕಟ್ಟಿದಂತಿತ್ತು. ನಗು ಬರುತ್ತಿದ್ದದ್ದು ಸಮಯಪ್ರಜ್ಞೆಯಿಂದ. ಅದು ರೇಡಿಯೊ ಕೊಟ್ಟ ಗಳಿಕೆ. ಕೆಲವರಿಗೆ ಈ ಪಾತ್ರ ಅವರ ಘನತೆಗೆ ಕುಂದು ಅನ್ನಿಸಿತು. ನನಗೆ ಅದು ಅವರ ಧೈರ್ಯದ ಕೆಲಸ. ಬೇಸರವಾಗುವುದು ಬೇರೆಯದಕ್ಕೆ: ಮನರಂಜನೆಯ ವಾಹಿನಿಗಳ ಹೊಸ ಕಾಲದಲ್ಲಿ ಅಂಥ ನಿರೂಪಕಿ ಮನೆಮಾತಾಗಲು ವರಲಕ್ಷ್ಮಿಯೇ ಆಗಬೇಕಾಯಿತು.

ಇನ್ನೊಂದು ಕಡೆ, 2011ರಲ್ಲಿ ಓಡತೊಡಗಿದ ನಮ್ಮ ಮೆಟ್ರೊ. ಅಲ್ಲಿ ಹೆಸರಿಲ್ಲ, ಮುಖವಿಲ್ಲ, ನಿಲ್ದಾಣ ಹೇಳುವ ದನಿಯಷ್ಟೇ. ದಿನಾ ಕೇಳುತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಅದು ಯಾರದೆಂದು ತಿಳಿದದ್ದು ಅವರು ಹೋದ ಮೇಲೆ.

ಇಲ್ಲಿ ಕ್ಯಾಂಪಿನಲ್ಲಿ ನಾಲ್ಕು ಜನ ಸೇರಿ ರಾಜ್ಯೋತ್ಸವ ಮಾಡುವಾಗಲೂ ಮೈಕು ಯಾರಿಗೆ ಕೊಡೋದು ಅಂದರೆ ‘ಬೆಂಗಳೂರು ಕಡೆಯವರಿಗೇ ಕೊಡ್ರಿ, ಅವರದು ಶುದ್ಧ’ ಎಂಬ ಮಾತು ಬರುತ್ತದೆ. ಕಲಬುರಗಿಯ ಹುಡುಗಿಗೇ ಕೊಡೋಣ ಅಂತೀನಿ. ಅತಿಥಿಯ ಹೆಸರು ಸರಿಯಾಗಿ ತಿಳಿದುಕೊಳ್ಳಲಿ, ಹಾಡು ಬರೆದವರನ್ನು ಮರೆಯದಿರಲಿ, ಶುರು ಮಾಡಿದ ವಾಕ್ಯ ಮುಗಿಸಲಿ, ಆಮೇಲೆ ಪಕ್ಕಕ್ಕೆ ನಿಲ್ಲಲಿ. ಅಪರ್ಣಾರಿಂದ ಕಲಿಯಬೇಕಾದ್ದು ಇದು. ‘ರೀ’ ಅಂದರೆ ಅಡ್ಡಿಯಿಲ್ಲ.