ಶಾಂತಿನಿಕೇತನದಲ್ಲಿ ಚೀನದ ಕುಂಚ

ಚಿತ್ರಕಾರರು ದೇಶದಿಂದ ದೇಶಕ್ಕೆ ಹೋಗಿಬಂದ ಮಾತ್ರಕ್ಕೆ ಕಲೆಗಳ ವಿನಿಮಯವಾಯಿತೆಂದು ಹೇಳುವುದು ರೂಢಿಯಾಗಿದೆ. ಹೋದವರು ಏನನ್ನು ತಂದರು, ಬಂದವರು ಏನನ್ನು ಒಯ್ದರು ಎಂಬುದನ್ನು ವಿಚಾರಿಸಿದಲ್ಲದೆ ಆ ಮಾತಿಗೆ ಅರ್ಥವಿಲ್ಲ. ಈ ವಿಚಾರಣೆಗೆ ಶಾಂತಿನಿಕೇತನವು ಒಳ್ಳೆಯ ನಿದರ್ಶನ.

1924ರಲ್ಲಿ ರವೀಂದ್ರನಾಥ ಠಾಕೂರರು ಚೀನದೇಶಕ್ಕೆ ಹೋದಾಗ ನಂದಲಾಲ ಬಸುರವರನ್ನೂ ಜೊತೆಯಲ್ಲಿ ಕರೆದೊಯ್ದರು. 1937ರಲ್ಲಿ ತಾನ್ ಯುನ್-ಶಾನರ ಪರಿಶ್ರಮದಿಂದ ಚೀನಾಭವನವು ಸ್ಥಾಪಿತವಾಯಿತು. 1939ರ ಕೊನೆಯಲ್ಲಿ ಪ್ರಸಿದ್ಧ ಚಿತ್ರಕಾರರಾದ ಶು ಬೇಹೊಂಗರು (1895–1953) ಅಲ್ಲಿಗೆ ಅತಿಥಿಗಳಾಗಿ ಬಂದರು. ಇಲ್ಲಿಯೇ ಒಂದು ವಿಚಿತ್ರವುಂಟು. ಬಂಗಾಲದ ಕಲಾವಿದರು ಪಾಶ್ಚಾತ್ಯರ ತೈಲವರ್ಣವನ್ನು ತೊರೆದು ಪೂರ್ವದೇಶಗಳ ರೇಖೆಯನ್ನು ಅರಸುತ್ತಿದ್ದರು. ಬಂದ ಅತಿಥಿಯಾದರೋ ಪ್ಯಾರಿಸ್ಸಿನಲ್ಲಿ ಕಲಿತು, ಸ್ವದೇಶದ ಕಲೆಯು ಯಥಾರ್ಥದರ್ಶನದಿಂದಲೇ ಉದ್ಧಾರವಾಗಬೇಕೆಂದು ಸಾರಿದವರು. ಪ್ರಾಚೀನ ಚೀನವನ್ನು ನಿರೀಕ್ಷಿಸಿದವರ ಬಾಗಿಲಿಗೆ ಅರ್ಧ ಯೂರೋಪು ಬಂದಿತು!

ಆದರೂ ಅವರ ‘ಬೆಟ್ಟವನ್ನು ಸರಿಸಿದ ಮರುಳಜ್ಜ’ ಎಂಬ ಮಸಿಯ ಚಿತ್ರವು ಮೂಡಿದ್ದು 1940ರಲ್ಲಿ, ಭಾರತದಲ್ಲಿಯೇ. ತೊಂಬತ್ತರ ಮುದುಕನೊಬ್ಬನು ತನ್ನ ಮನೆಗೆ ಅಡ್ಡವಾದ ಎರಡು ಬೆಟ್ಟಗಳನ್ನು ಅಗೆದುಹಾಕಲು ಹೊರಟನು. ನಕ್ಕವನಿಗೆ, ತನ್ನ ಮಕ್ಕಳು ಮೊಮ್ಮಕ್ಕಳು ಮುಂದುವರಿಸುವರು, ಬೆಟ್ಟವಾದರೋ ಬೆಳೆಯದು ಎಂದನು. ಸಗರನ ವಂಶದವರು ತಲೆತಲಾಂತರದಿಂದ ತಪಸ್ಸು ಮಾಡಿ ಭಗೀರಥನ ಕಾಲಕ್ಕೆ ಗಂಗೆಯನ್ನು ಇಳಿಸಿದ ಕಥೆಯನ್ನು ಬಲ್ಲವರಿಗೆ ಇದು ಪರದೇಶದ ಕಥೆಯಾಗಿ ತೋರದು. ಜಪಾನಿನ ಆಕ್ರಮಣಕ್ಕೆ ಸಿಕ್ಕಿದ್ದ ಚೀನಕ್ಕೆ ಇದಕ್ಕಿಂತ ಸಮಯೋಚಿತವಾದ ವಸ್ತು ಯಾವುದಿದ್ದೀತು? ನಾಲ್ಕು ಮೀಟರಿಗೂ ಅಗಲವಾದ ಆ ಚಿತ್ರದಲ್ಲಿ ಅಗೆಯುವ ಬರಿಮೈಯ ಬಲಶಾಲಿಗಳಿಗೆ ಮಾದರಿಯಾಗಿ ನಿಂತವರು ಭಾರತೀಯರು. ಚೀನದ ಕಥೆಯಲ್ಲಿ ಭಾರತೀಯರ ಮೈಕಟ್ಟು! ಗುದ್ದಲಿಯೆತ್ತಿದ ತೋಳುಗಳಲ್ಲಿ ನಿಜವಾದ ಶ್ರಮವಿದೆ. ಆದರೆ ಮಾಂಸಖಂಡಗಳ ವಿವರಣೆಯಲ್ಲಿ ರೇಖೆಯು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿದೆ. ಕುಂಚವು ಹರಿಯಬೇಕಾದೆಡೆಯಲ್ಲಿ ಅಳೆಯುತ್ತದೆ. ಅವರ ಕುದುರೆಗಳಲ್ಲಿ ಈ ದೋಷವಿಲ್ಲ. ನಾಲ್ಕಾರು ಎಳೆತಗಳಲ್ಲಿ ಕೇಸರವು ಗಾಳಿಗೆ ಹಾರುತ್ತದೆ.

ಶಾಸ್ತ್ರದಲ್ಲಿಯೂ ಇಂತಹ ತೊಡಕುಂಟು. ಯಶೋಧರನು ಕಾಮಸೂತ್ರದ ವ್ಯಾಖ್ಯಾನದಲ್ಲಿ ಹೇಳಿದ ಚಿತ್ರದ ಷಡಂಗಗಳನ್ನೂ ಶಿಯೇ ಹೆ ಎಂಬ ಚೀನೀ ಲಾಕ್ಷಣಿಕನ ಆರು ಸೂತ್ರಗಳನ್ನೂ ಅವನೀಂದ್ರನಾಥರು ಹೋಲಿಸಿ ಬರೆದರು. ಸಂಖ್ಯೆಯೇನೋ ಒಂದೇ. ಆದರೆ ನಮ್ಮವರು ರೂಪಭೇದದಿಂದ ಆರಂಭಿಸಿದರೆ, ಅವರು ಪ್ರಾಣಸ್ಪಂದನದಿಂದ ಆರಂಭಿಸುತ್ತಾರೆ. ಶಿಯೇ ಹೆ ಇದ್ದದ್ದು ಕ್ರಿಸ್ತಶಕ 500ರ ಸುಮಾರಿನಲ್ಲಿ. ಯಶೋಧರನು ಅವನಿಗಿಂತ ಎಷ್ಟೋ ಶತಮಾನಗಳ ಈಚಿನವನು. ಎಣಿಕೆಯ ಸಾಮ್ಯದಿಂದ ಬಾಂಧವ್ಯವನ್ನು ಸ್ಥಾಪಿಸುವುದು ಪಂಡಿತರಿಗೆ ಒಪ್ಪುವ ಕೆಲಸವಲ್ಲ.

ನಿಜವಾಗಿ ಬಂದದ್ದನ್ನು ನೋಡಬೇಕಾದರೆ ನಂದಲಾಲರ ಇಳಿವಯಸ್ಸಿನ ಮಸಿಚಿತ್ರಗಳನ್ನು ನೋಡಬೇಕು. ಅಲ್ಲಿ ಚೀನದ ಮನೆಯಿಲ್ಲ, ಉಡುಪಿಲ್ಲ. ಇರುವುದು ನಮ್ಮ ಮರಗಿಡಗಳು, ದನಕರುಗಳು, ಮತ್ತು ಬಿಳಿಯ ಕಾಗದದ ಮೌನ. ಅದರ ಕೀರ್ತಿಯನ್ನೆಲ್ಲ ಚೀನಕ್ಕೇ ಸಲ್ಲಿಸಲಾಗದು. ಜಪಾನಿನ ಅರಾಯಿ ಕಂಪೋರವರು ಕಲಕತ್ತೆಗೆ ಬಂದಿದ್ದಾಗ ನಂದಲಾಲರು ಮಸಿಯ ಮರ್ಮವನ್ನು ಅವರಿಂದ ಮೊದಲೇ ತಿಳಿದಿದ್ದರು.