ಸ್ಥೂಲಕಾಯದ ಔಷಧ ಪರೀಕ್ಷೆ: ‘ಸ್ಥಿರ’ ಎಂಬ ವಿಶೇಷಣದ ವಿಮರ್ಶೆ

ಶಾಸನವೊಂದನ್ನು ಓದುವಾಗ ಅದನ್ನು ಬರೆಯಿಸಿದವರಾರು, ಅದು ಯಾವ ಕಾಲಕ್ಕೆ ಸಾಕ್ಷಿ, ಯಾವುದನ್ನು ಹೇಳದೆ ಬಿಟ್ಟಿದೆ ಎಂದು ಚರಿತ್ರಕಾರನು ವಿಚಾರಿಸುತ್ತಾನೆ. ಔಷಧ ಪರೀಕ್ಷೆಯ ವರದಿಗೂ ಇದೇ ಮಾನದಂಡ ಸಲ್ಲತಕ್ಕದ್ದು. ಸೆಮಗ್ಲುಟೈಡ್ ಎಂಬ ಔಷಧವನ್ನು ಕುರಿತು 2021ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯನ್ನು ಪ್ರಕೃತ ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಪರೀಕ್ಷೆಯ ರಚನೆ ಶ್ಲಾಘ್ಯವಾದುದು. ಮಧುಮೇಹವಿಲ್ಲದ, ಆದರೆ ಅತಿತೂಕದಿಂದ ಬಾಧಿತರಾದ 1961 ವಯಸ್ಕರನ್ನು ಪಕ್ಷಪಾತಕ್ಕೆ ಎಡೆಯಿಲ್ಲದಂತೆ ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೊಮ್ಮೆ ಔಷಧವನ್ನೂ ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿಮದ್ದನ್ನೂ ಚುಚ್ಚಲಾಯಿತು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯನಿಗೂ ತಿಳಿಯದು. ಆಹಾರ, ವ್ಯಾಯಾಮಗಳ ಸಲಹೆ ಇಬ್ಬರಿಗೂ ಸಮಾನ. 68 ವಾರಗಳಲ್ಲಿ ಮೊದಲನೆಯವರ ತೂಕ ಸರಾಸರಿ ಶೇಕಡ 14.9ರಷ್ಟು, ಎರಡನೆಯವರದು 2.4ರಷ್ಟು ಇಳಿಯಿತು. ವೆಚ್ಚ ವಹಿಸಿದವರು ಔಷಧದ ತಯಾರಕರೇ ಎಂಬುದನ್ನು ವರದಿ ಮರೆಮಾಚಿಲ್ಲ.

ಆಕ್ಷೇಪವಿರುವುದು ಅಂಕಿಗಳಲ್ಲಲ್ಲ, ಉಪಸಂಹಾರದ ಒಂದು ವಿಶೇಷಣದಲ್ಲಿ. ತೂಕದ ಇಳಿತ ‘ಸ್ಥಿರ’ವಾದುದೆಂಬ ಅರ್ಥ ಬರುವಂತೆ ಲೇಖಕರು ಬರೆದಿದ್ದಾರೆ. ಔಷಧ ನಡೆಯುತ್ತಿದ್ದ ಅವಧಿಯ ಮಟ್ಟಿಗೆ ಇದು ನಿಜ. ಆದರೆ ಅದೇ ಪರೀಕ್ಷೆಯ 327 ಮಂದಿಯನ್ನು ಔಷಧ ಮತ್ತು ಸಲಹೆಗಳೆರಡನ್ನೂ ನಿಲ್ಲಿಸಿ ಮತ್ತೊಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶವೇನು? ಔಷಧ ಪಡೆದಿದ್ದವರು ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಸ್ಥಿರವಾಗಿದ್ದುದು ಇಳಿತವಲ್ಲ, ಔಷಧದ ಅವಶ್ಯಕತೆ. ಕೆಲಕಾಲದ ಉಪಚಾರವೆಂದು ಆರಂಭಿಸುವವನಿಗೂ ಆಜೀವ ಉಪಚಾರಕ್ಕೆ ಸಿದ್ಧನಾಗುವವನಿಗೂ ಹಣದಲ್ಲಿ, ಆರೋಗ್ಯದಲ್ಲಿ ಮಹದಂತರವಿದೆ.

ಇದು ಶಬ್ದಜಿಜ್ಞಾಸೆ ಮಾತ್ರವಲ್ಲವೆಂಬುದಕ್ಕೆ ಚರಿತ್ರೆ ಸಾಕ್ಷಿ. 1933ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ವಾಂಸರು ಡೈನೈಟ್ರೋಫೀನಾಲ್ ತೂಕವನ್ನಿಳಿಸುವುದೆಂದು ತೋರಿಸಿದರು, ಇಳಿಸಿದ್ದೂ ಹೌದು. ಬಹುಜನ ಅದನ್ನು ಸೇವಿಸತೊಡಗಿದ ಬಳಿಕ, 1935ರ ವೇಳೆಗೆ, ಕಣ್ಣಿನ ಪೊರೆಯ ವರದಿಗಳು ಬಂದವು. 1992ರಲ್ಲಿ ಪ್ರಕಟವಾದ ಫೆನ್‌ಫ್ಲೂರಮೈನ್–ಫೆಂಟರ್ಮೈನ್ ಜೋಡಿಯ ಪರೀಕ್ಷೆಯಲ್ಲಿದ್ದವರು 121 ಮಂದಿ. ಅದು ನಾಲ್ಕು ವರ್ಷಗಳ ಸಮೀಪ ನಡೆದಿತ್ತು. 1997ರಲ್ಲಿ ಮೇಯೋ ಕ್ಲಿನಿಕ್ಕಿನ ವೈದ್ಯರು ಈ ಜೋಡಿಯನ್ನು ಸೇವಿಸಿದ 24 ಸ್ತ್ರೀಯರಲ್ಲಿ ಹೃದಯಕವಾಟದ ದೋಷವನ್ನು ವರದಿ ಮಾಡಿದರು. ಅದೇ ವರ್ಷ ಫೆನ್‌ಫ್ಲೂರಮೈನ್ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು. ಎರಡು ಪ್ರಸಂಗಗಳಲ್ಲಿಯೂ ತೂಕದ ಅಂಕಿ ಸುಳ್ಳಾಗಿರಲಿಲ್ಲ. ತೂಕವನ್ನು ಅಳೆದವರ ಮಾತನ್ನು ಕ್ಷೇಮಕ್ಕೂ ಸಾಕ್ಷಿಯೆಂದು ಜನ ಓದಿದರು.

ಸೆಮಗ್ಲುಟೈಡಿಗೆ ಅದೇ ಗತಿ ಎಂದು ಇದರಿಂದ ಅನುಮಾನಿಸುವುದು ಅನ್ಯಾಯ. 2023ರಲ್ಲಿ, ಮೊದಲೇ ಹೃದಯ ಹಾಗೂ ರಕ್ತನಾಳಗಳ ರೋಗವಿದ್ದ 17,604 ಮಂದಿಯ ಪರೀಕ್ಷೆಯಲ್ಲಿ, ಹೃದಯಾಘಾತವೇ ಮೊದಲಾದ ಗಂಡಾಂತರಗಳು ಹುಸಿಮದ್ದಿನ ಗುಂಪಿಗಿಂತ ಶೇಕಡ 20ರಷ್ಟು ಕಡಿಮೆಯಾದುದು ಕಂಡುಬಂದಿತು. ಇಲ್ಲಿ ಕೇಳಿದ ಪ್ರಶ್ನೆಯೇ ಹೃದಯವನ್ನು ಕುರಿತದ್ದು. ಆದುದರಿಂದ ಉತ್ತರಕ್ಕೆ ಬೆಲೆಯುಂಟು. ಆದರೂ ಆ ಅನುಸರಣೆಯ ಅವಧಿ ಸರಾಸರಿ 40 ತಿಂಗಳಷ್ಟೆ.

ಸಾಕ್ಷಿ ಕಂಡಷ್ಟನ್ನೇ ನುಡಿಯಬೇಕು. ‘68 ವಾರಗಳವರೆಗೆ, ಔಷಧ ನಡೆದಿರುವಾಗ’ ಎಂಬ ಮಾತನ್ನು ಆ ಉಪಸಂಹಾರಕ್ಕೆ ಸೇರಿಸಿದ್ದರೆ ವರದಿಯ ಯೋಗ್ಯತೆ ಕುಗ್ಗುತ್ತಿರಲಿಲ್ಲ. ಓದುವ ರೋಗಿಗೆ ನಿಜಸ್ಥಿತಿ ತಿಳಿಯುತ್ತಿತ್ತು.